ಒ.ಜಿ.ಎಸ್. ಕ್ರಾಫರ್ಡ್

ಆಸ್ಬರ್ಟ್ ಗೈ ಸ್ಟ್ಯಾನ್‌ಹೋಪ್ ಕ್ರಾಫರ್ಡ್ (28 ಅಕ್ಟೋಬರ್ 1886 – 28 ನವೆಂಬರ್ 1957) ಬ್ರಿಟನ್ನಿನ ಹೆಸರಾಂತ ಪುರಾತತ್ತ್ವಜ್ಞರು, ಭೂಗೋಳಶಾಸ್ತ್ರಜ್ಞರು ಹಾಗೂ ಸಂಪಾದಕರು. ಕೃಷಿಭೂಮಿಯ ಅಡಿಯಲ್ಲಿ ಹುದುಗಿರುವ ಪ್ರಾಗೈತಿಹಾಸಿಕ ಅವಶೇಷಗಳನ್ನು ವಿಮಾನದಿಂದ ತೆಗೆದ ಛಾಯಾಚಿತ್ರಗಳ ನೆರವಿನಿಂದ ಗುರುತಿಸುವ ವಿಧಾನಕ್ಕೆ ಇವರು ಶಾಸ್ತ್ರೀಯ ತಳಹದಿಯನ್ನು ಹಾಕಿದರು. ಬ್ರಿಟನ್ನಿನ ಸರಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಮೊದಲ ಪುರಾತತ್ತ್ವ ಅಧಿಕಾರಿಯಾಗಿ 1920ರಿಂದ 1946ರವರೆಗೆ ಸೇವೆ ಸಲ್ಲಿಸಿದರು. 1927ರಲ್ಲಿ 'ಆಂಟಿಕ್ವಿಟಿ' ಎಂಬ ತ್ರೈಮಾಸಿಕ ಪತ್ರಿಕೆಯನ್ನು ಸ್ಥಾಪಿಸಿ, ಮೂರು ದಶಕಗಳ ಕಾಲ ತಮ್ಮ ಮರಣದವರೆಗೂ ಅದರ ಸಂಪಾದಕರಾಗಿದ್ದರು.

ನೆಲವನ್ನು ಅಗೆಯುವುದೇ ಪುರಾತತ್ತ್ವ ಸಂಶೋಧನೆಯ ಮುಖ್ಯ ಮಾರ್ಗವೆಂದು ಭಾವಿಸಲಾಗಿದ್ದ ಕಾಲದಲ್ಲಿ, ಒಂದು ಪ್ರದೇಶದ ಹೊಲ, ಬದು, ದಾರಿ ಮತ್ತು ದಿಬ್ಬಗಳನ್ನು ಒಟ್ಟಾಗಿ ಗಮನಿಸಿದರೆ ಅಗೆಯದೆಯೇ ಅದರ ಸಾವಿರಾರು ವರ್ಷಗಳ ಇತಿಹಾಸವನ್ನು ಓದಬಹುದೆಂದು ಕ್ರಾಫರ್ಡ್ ತೋರಿಸಿಕೊಟ್ಟರು. ಇವರು ಹುಟ್ಟಿದ್ದು ಭಾರತದ ಮುಂಬಯಿಯಲ್ಲಿ.

ಜನನ ಮತ್ತು ಬಾಲ್ಯ

ಕ್ರಾಫರ್ಡ್ ಅವರು ಅಂದಿನ ಬೊಂಬಾಯಿ ನಗರದ ಬ್ರೀಚ್ ಕ್ಯಾಂಡಿ ಪ್ರದೇಶದಲ್ಲಿ 1886ರ ಅಕ್ಟೋಬರ್ 28ರಂದು ಜನಿಸಿದರು. ಮೂಲತಃ ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯಕ್ಕೆ ಸೇರಿದ ಮನೆತನ ಇವರದು. ತಂದೆ ಚಾರ್ಲ್ಸ್ ಎಡ್ವರ್ಡ್ ಗಾರ್ಡನ್ ಕ್ರಾಫರ್ಡ್ ಭಾರತದಲ್ಲಿ ಬ್ರಿಟಿಷ್ ಸರಕಾರದ ಆಡಳಿತ ಸೇವೆಯಲ್ಲಿದ್ದು, ಮುಂದೆ ಠಾಣೆಯಲ್ಲಿ ನ್ಯಾಯಾಧೀಶರಾದರು. ತಾಯಿ ಆಲಿಸ್ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೂರು ತಿಂಗಳ ಹಸುಗೂಸನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಪುಣೆಯ ಕ್ರೈಸ್ತ ಸನ್ಯಾಸಿನಿಯರ ಮಠವೊಂದರ ಮುಖ್ಯಸ್ಥೆಯಾಗಿದ್ದ ಸೋದರತ್ತೆ ಎಲಿನರ್ ಆ ಪ್ರಯಾಣದಲ್ಲಿ ಮಗುವಿನ ಜವಾಬ್ದಾರಿ ಹೊತ್ತಿದ್ದರು.

ಇಂಗ್ಲೆಂಡಿನಲ್ಲಿ ತಂದೆಯ ಇಬ್ಬರು ಸೋದರಿಯರು ಇವರನ್ನು ಸಾಕಿದರು. ಅವರಿಬ್ಬರೂ ಅವಿವಾಹಿತರು ಹಾಗೂ ದೈವಭಕ್ತರು. ಮನೆಯಲ್ಲಿ ಬೇರೆ ಮಕ್ಕಳಿರಲಿಲ್ಲ. 1894ರಲ್ಲಿ ತಂದೆಯೂ ಭಾರತದಲ್ಲೇ ನಿಧನರಾದರು. ಆಗ ಬಾಲಕನಿಗೆ ಕೇವಲ ಎಂಟು ವರ್ಷ. ಮರುವರ್ಷ ಕುಟುಂಬವು ಲಂಡನ್ನಿನ ಮೇರಿಲ್ಬೋನ್ ಪ್ರದೇಶವನ್ನು ಬಿಟ್ಟು ಹ್ಯಾಂಪ್‌ಶೈರ್ ಪ್ರಾಂತ್ಯದ ಈಸ್ಟ್ ವುಡ್‌ಹೇ ಎಂಬ ಹಳ್ಳಿಯಲ್ಲಿ ನೆಲೆಸಿತು. ಸುತ್ತಲಿನ ಬೆಟ್ಟಗಳ ಮೇಲಿದ್ದ ಪ್ರಾಚೀನ ಸಮಾಧಿ ದಿಬ್ಬಗಳು ಮತ್ತು ಮಣ್ಣಿನ ಕೋಟೆಗಳು ಬಾಲಕನ ಅಲೆದಾಟದ ತಾಣಗಳಾದವು.

ವಿದ್ಯಾಭ್ಯಾಸ

ವಿಲ್ಟ್‌ಶೈರ್ ಪ್ರಾಂತ್ಯದ ಮಾರ್ಲ್‌ಬರೋ ಕಾಲೇಜಿನಲ್ಲಿ ಕ್ರಾಫರ್ಡ್ ಅವರ ಶಾಲಾ ಶಿಕ್ಷಣ ನಡೆಯಿತು. ಅಲ್ಲಿನ ವಸತಿ ಜೀವನ, ಕಡ್ಡಾಯ ಆಟೋಟ ಮತ್ತು ಹಿರಿಯ ವಿದ್ಯಾರ್ಥಿಗಳ ಕಿರುಕುಳ ಇವರಿಗೆ ಅಸಹನೀಯವಾಗಿದ್ದವು. ಆದರೆ ಶಾಲೆಯ ಪ್ರಕೃತಿ ಅಧ್ಯಯನ ಸಂಘದ ಪುರಾತತ್ತ್ವ ವಿಭಾಗ ಇವರ ಆಸಕ್ತಿಗೆ ನೀರೆರೆಯಿತು. ಸ್ಟೋನ್‌ಹೆಂಜ್, ಏವ್‌ಬರಿಯ ಶಿಲಾವೃತ್ತ ಮತ್ತು ವೆಸ್ಟ್ ಕೆನೆಟ್‌ನ ನೀಳ ಸಮಾಧಿ ದಿಬ್ಬಗಳನ್ನು ಇವರು ಸಂದರ್ಶಿಸಿದ್ದು ಈ ಅವಧಿಯಲ್ಲೇ. ನ್ಯೂಬರಿಯ ವಸ್ತುಸಂಗ್ರಹಾಲಯದ ಹೆರಾಲ್ಡ್ ಪೀಕ್ ಅವರ ಪರಿಚಯವಾಗಿ, ಅವರ ಮಾರ್ಗದರ್ಶನ ಮುಂದಿನ ಹಲವು ವರ್ಷಗಳ ಕಾಲ ದೊರೆಯಿತು.

1905ರಲ್ಲಿ ಆಕ್ಸ್‌ಫರ್ಡ್‌ನ ಕೀಬಲ್ ಕಾಲೇಜನ್ನು ಸೇರಿ ಗ್ರೀಕ್ ಮತ್ತು ಲ್ಯಾಟಿನ್ ಪ್ರಾಚೀನ ಸಾಹಿತ್ಯದ ಅಧ್ಯಯನ ಆರಂಭಿಸಿದರು. ಆದರೆ 1908ರಲ್ಲಿ ಭೂಗೋಳಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ಆಗ ಆಕ್ಸ್‌ಫರ್ಡ್‌ನಲ್ಲಿ ಭೂಗೋಳಶಾಸ್ತ್ರಕ್ಕೆ ಹೆಚ್ಚಿನ ಪ್ರತಿಷ್ಠೆ ಇರಲಿಲ್ಲ. ಆದರೂ ಈ ನಿರ್ಧಾರವೇ ಇವರ ಮುಂದಿನ ಬದುಕಿನ ದಿಕ್ಕನ್ನು ನಿಶ್ಚಯಿಸಿತು. ಮಣ್ಣು, ನೀರು ಮತ್ತು ಇಳಿಜಾರುಗಳು ಮಾನವ ವಸತಿಯನ್ನು ಹೇಗೆ ರೂಪಿಸುತ್ತವೆ ಎಂಬ ಪ್ರಶ್ನೆಯನ್ನು ಇವರು ಪ್ರಾಗೈತಿಹಾಸಿಕ ಕಾಲಕ್ಕೂ ಅನ್ವಯಿಸಿದರು. ಕಂಚಿನ ಯುಗದ ಆರಂಭಕಾಲದ ಚಪ್ಪಟೆ ಕೊಡಲಿಗಳು ಮತ್ತು 'ಬೀಕರ್' ಎಂಬ ಮಡಕೆಗಳು ಬ್ರಿಟಿಷ್ ದ್ವೀಪಗಳಲ್ಲಿ ಎಲ್ಲೆಲ್ಲಿ ದೊರೆತಿವೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ 1912ರಲ್ಲಿ ಇವರು ಪ್ರಕಟಿಸಿದ ಲೇಖನವು, ಭೌಗೋಳಿಕ ಹಂಚಿಕೆಯ ಆಧಾರದಿಂದ ಇತಿಹಾಸವನ್ನು ವಿವರಿಸುವ ಆರಂಭಿಕ ಪ್ರಯತ್ನಗಳಲ್ಲಿ ಒಂದು.

1913ರಲ್ಲಿ ರೌಟ್ಲೆಜ್ ದಂಪತಿಗಳ ಈಸ್ಟರ್ ದ್ವೀಪ ಯಾತ್ರೆಯಲ್ಲಿ ಸೇರಿಕೊಂಡರಾದರೂ, ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ ಕೇಪ್ ವರ್ಡ್ ದ್ವೀಪಗಳಲ್ಲಿಯೇ ಹಡಗಿನಿಂದ ಇಳಿದು ಹಿಂದಿರುಗಿದರು. ಅನಂತರ ಹೆನ್ರಿ ವೆಲ್ಕಮ್ ಅವರ ಪರವಾಗಿ ಸುಡಾನ್ ದೇಶದ ಅಬು ಗೇಲಿ ಎಂಬಲ್ಲಿ ಉತ್ಖನನ ನಡೆಸಿದರು.

ಮೊದಲ ಮಹಾಯುದ್ಧ

1914ರಲ್ಲಿ ಯುದ್ಧ ಆರಂಭವಾದಾಗ ಕ್ರಾಫರ್ಡ್ ಸೈನ್ಯಕ್ಕೆ ಸೇರಿ ಫ್ರಾನ್ಸಿನ ರಣರಂಗಕ್ಕೆ ತೆರಳಿದರು. ಅನಾರೋಗ್ಯದಿಂದ ಹಿಂದಿರುಗಿ, ಚೇತರಿಸಿಕೊಂಡ ಬಳಿಕ ಸೇನೆಯ ನಕ್ಷಾ ವಿಭಾಗದಲ್ಲಿ ಅಧಿಕಾರಿಯಾದರು. ಮುಂಚೂಣಿಯ ಪ್ರದೇಶವನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವುದು, ನಕ್ಷೆಗಳನ್ನು ತಿದ್ದುವುದು ಇವರ ಕೆಲಸವಾಗಿತ್ತು. 1917ರಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳಕ್ಕೆ ವೀಕ್ಷಕರಾಗಿ ಸೇರಿದರು. ಮೊದಲ ಹಾರಾಟದಲ್ಲೇ ಜರ್ಮನ್ ಗುಂಡುಗಳು ಇವರ ಬಲಪಾದವನ್ನು ತೀವ್ರವಾಗಿ ಗಾಯಗೊಳಿಸಿದವು.

1918ರ ಆರಂಭದಲ್ಲಿ ಇವರಿದ್ದ ವಿಮಾನವನ್ನು ಶತ್ರುಗಳು ಕೆಳಗಿಳಿಸಿದಾಗ ಸೆರೆಯಾದರು. ಬವೇರಿಯಾದ ಲಾಂಡ್ಸ್‌ಹುಟ್ ಶಿಬಿರದಿಂದ ನದಿಯಲ್ಲಿ ಈಜಿಕೊಂಡು ತಪ್ಪಿಸಿಕೊಳ್ಳುವ ಯತ್ನ ವಿಫಲವಾಯಿತು. ಬಳಿಕ ಹೋಲ್ಟ್ಸ್‌ಮಿಂಡನ್ ಶಿಬಿರಕ್ಕೆ ಸಾಗಿಸಲ್ಪಟ್ಟ ಇವರು ಯುದ್ಧ ಮುಗಿಯುವವರೆಗೆ ಅಲ್ಲಿಯೇ ಇದ್ದರು. 1921ರಲ್ಲಿ ಪ್ರಕಟವಾದ 'ಮ್ಯಾನ್ ಅಂಡ್ ಹಿಸ್ ಪಾಸ್ಟ್' ಎಂಬ ಇವರ ಮೊದಲ ಪುಸ್ತಕದ ಕರಡು ರೂಪುಗೊಂಡದ್ದು ಈ ಸೆರೆವಾಸದಲ್ಲಿ. ಭೂಮಿಯನ್ನು ಮೇಲಿನಿಂದ ನೋಡುವ ಅಭ್ಯಾಸ, ಛಾಯಾಚಿತ್ರವನ್ನು ನಕ್ಷೆಯೊಂದಿಗೆ ಹೋಲಿಸುವ ಪರಿಣತಿ ಇವೆರಡೂ ಯುದ್ಧಕಾಲದಲ್ಲಿ ಇವರಿಗೆ ದಕ್ಕಿದವು.

ಆರ್ಡ್ನೆನ್ಸ್ ಸರ್ವೆಯಲ್ಲಿ

ಬ್ರಿಟನ್ನಿನ ಅಧಿಕೃತ ನಕ್ಷೆಗಳಲ್ಲಿ ಪ್ರಾಚೀನ ಸ್ಮಾರಕಗಳನ್ನು ಗುರುತಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಆದರೆ ಅದನ್ನು ಪರಿಶೀಲಿಸುವ ತಜ್ಞರು ಇರಲಿಲ್ಲ. ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಕ್ಲೋಸ್ 1920ರ ಅಕ್ಟೋಬರ್‌ನಲ್ಲಿ ಕ್ರಾಫರ್ಡ್ ಅವರನ್ನು ಪುರಾತತ್ತ್ವ ಅಧಿಕಾರಿಯಾಗಿ ನೇಮಿಸಿಕೊಂಡರು. ಸೌತಾಂಪ್ಟನ್ ನಗರದಲ್ಲಿ ಕಚೇರಿ ಇತ್ತು. ನಕ್ಷೆ ತಯಾರಿಕೆಗೆ ಪುರಾತತ್ತ್ವಜ್ಞರ ಅಗತ್ಯವೇನೆಂಬ ಭಾವನೆ ಕೆಲವು ಸಹೋದ್ಯೋಗಿಗಳಲ್ಲಿತ್ತು. ಬಹುಕಾಲದವರೆಗೆ ಇವರಿಗೆ ಸಹಾಯಕರನ್ನೂ ಒದಗಿಸಲಿಲ್ಲ.

ಕ್ರಾಫರ್ಡ್ ಸೈಕಲ್ಲಿನ ಮೇಲೆ ಮತ್ತು ಕಾಲ್ನಡಿಗೆಯಲ್ಲಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸಂಚರಿಸಿ, ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದ ನಕ್ಷೆಗಳನ್ನು ಕೈಯಲ್ಲಿ ಹಿಡಿದು ಸ್ಮಾರಕಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿದರು. ನಕ್ಷೆಯಲ್ಲಿ ಬಿಟ್ಟುಹೋದುದನ್ನು ಸೇರಿಸಿದರು, ತಪ್ಪಾಗಿ ಸೇರಿದ್ದನ್ನು ತೆಗೆದರು. ಸ್ಥಳೀಯ ಇತಿಹಾಸ ಸಂಘಗಳ ಸದಸ್ಯರನ್ನು ಸ್ವಯಂಸೇವಕ ಬಾತ್ಮೀದಾರರನ್ನಾಗಿ ಮಾಡಿಕೊಂಡರು. ಕಾಟ್ಸ್‌ವೋಲ್ಡ್ ಬೆಟ್ಟಪ್ರದೇಶದ ನವಶಿಲಾಯುಗದ ನೀಳ ಸಮಾಧಿ ದಿಬ್ಬಗಳ ಕುರಿತ ಇವರ ಗ್ರಂಥ 1925ರಲ್ಲಿ ಹೊರಬಂದಿತು.

1924ರಲ್ಲಿ ಪ್ರಕಟವಾದ ರೋಮನ್ ಕಾಲದ ಬ್ರಿಟನ್ನಿನ ನಕ್ಷೆಯು ಬೇಗನೆ ಮಾರಾಟವಾಗಿ, ಇಂತಹ ನಕ್ಷೆಗಳಿಗೆ ಸಾಮಾನ್ಯ ಓದುಗರಲ್ಲಿಯೂ ಬೇಡಿಕೆ ಇದೆಯೆಂಬುದನ್ನು ಸಂಸ್ಥೆಗೆ ಮನವರಿಕೆ ಮಾಡಿತು. ಮುಂದೆ ನವಶಿಲಾಯುಗದ ವೆಸೆಕ್ಸ್ ಪ್ರದೇಶದ ನಕ್ಷೆ, ರೋಮನ್ನರ ನಿರ್ಗಮನದ ನಂತರದ ಬ್ರಿಟನ್ನಿನ ನಕ್ಷೆ ಮೊದಲಾದವು ಪ್ರಕಟವಾದವು.

ಹೊಲಗಳ ಅಡಿಯ ಅವಶೇಷಗಳು

ವಾಯುಪಡೆಯ ಛಾಯಾಚಿತ್ರಗಳು

1922ರಲ್ಲಿ ವಾಯುಪಡೆಯ ಅಧಿಕಾರಿಯೊಬ್ಬರು ಹ್ಯಾಂಪ್‌ಶೈರ್ ಪ್ರದೇಶದ ಮೇಲೆ ತೆಗೆದ ಛಾಯಾಚಿತ್ರಗಳಲ್ಲಿ ವಿಚಿತ್ರವಾದ ಗೆರೆಗಳನ್ನು ಕಂಡು, ಸ್ಥಳೀಯ ಪುರಾತತ್ತ್ವ ಆಸಕ್ತರಾಗಿದ್ದ ವೈದ್ಯ ವಿಲಿಯಮ್ಸ್-ಫ್ರೀಮನ್ ಅವರ ಗಮನಕ್ಕೆ ತಂದರು. ವಿಲಿಯಮ್ಸ್-ಫ್ರೀಮನ್ ಅವರು ಕ್ರಾಫರ್ಡ್ ಅವರನ್ನು ಕರೆಸಿದರು. ಇಂದಿನ ದೊಡ್ಡ ಹೊಲಗಳ ಕೆಳಗೆ ಚಿಕ್ಕ ಚಿಕ್ಕ ಚೌಕಗಳ ಜಾಲವೊಂದು ಆ ಚಿತ್ರಗಳಲ್ಲಿ ಹರಡಿಕೊಂಡಿತ್ತು. ಅವು ಪ್ರಾಚೀನ ಕಾಲದ ಹೊಲಗಳ ಬದುಗಳೆಂದು ಕ್ರಾಫರ್ಡ್ ಗುರುತಿಸಿದರು. 1923ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಈ ಕುರಿತು ಉಪನ್ಯಾಸ ನೀಡಿದರು. ಅದರ ವಿಸ್ತೃತ ರೂಪವಾದ 'ಏರ್ ಸರ್ವೆ ಅಂಡ್ ಆರ್ಕಿಯಾಲಜಿ' 1924ರಲ್ಲಿ ಪ್ರಕಟವಾಯಿತು.

ಹೊಲದ ಪೈರಿನಲ್ಲಿ ಹಳೆಯ ಕಟ್ಟಡಗಳ ಗುರುತು ಕಾಣಬಹುದೆಂಬುದು ಅಲ್ಲಿಯವರೆಗೆ ತಿಳಿಯದ ಸಂಗತಿಯೇನಲ್ಲ. ಕೆಂಟ್ ಪ್ರಾಂತ್ಯದ ರಿಚ್‌ಬರೋದಲ್ಲಿ ರೋಮನ್ ಪಟ್ಟಣದ ಬೀದಿಗಳ ಜಾಡು ಬೆಳೆಯ ನಡುವೆ ಕಾಣುವುದನ್ನು ವಿಲಿಯಂ ಕ್ಯಾಮ್ಡೆನ್ ಎಂಬ ವಿದ್ವಾಂಸರು ಮೂರು ಶತಮಾನಗಳ ಹಿಂದೆಯೇ ದಾಖಲಿಸಿದ್ದರು. 1906ರಲ್ಲಿ ಸೇನೆಯ ಬಲೂನಿನಿಂದ ಸ್ಟೋನ್‌ಹೆಂಜ್‌ನ ಛಾಯಾಚಿತ್ರಗಳನ್ನು ತೆಗೆಯಲಾಗಿತ್ತು. ಇಂತಹ ಬಿಡಿ ಅವಲೋಕನಗಳನ್ನು ಒಗ್ಗೂಡಿಸಿ, ಅವುಗಳ ಹಿಂದಿನ ಕಾರಣವನ್ನು ವಿವರಿಸಿ, ಸಂಶೋಧನಾ ವಿಧಾನವಾಗಿ ಬೆಳೆಸಿದ್ದು ಕ್ರಾಫರ್ಡ್ ಅವರ ಸಾಧನೆ.

ಮೂರು ಬಗೆಯ ಗುರುತುಗಳು

ಮೇಲಿನಿಂದ ಕಾಣುವ ಗುರುತುಗಳನ್ನು ಕ್ರಾಫರ್ಡ್ ಮೂರು ಬಗೆಯಾಗಿ ವಿಂಗಡಿಸಿದರು.

ನೆರಳಿನ ಗುರುತು: ನೆಲದ ಮೇಲೆ ಇನ್ನೂ ಅಲ್ಪಸ್ವಲ್ಪ ಉಬ್ಬುತಗ್ಗುಗಳು ಉಳಿದಿದ್ದರೆ, ಮುಂಜಾನೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅವುಗಳ ನೆರಳು ಉದ್ದವಾಗಿ ಬಿದ್ದು ಆಕಾರ ಸ್ಪಷ್ಟವಾಗುತ್ತದೆ. ನಡುಹಗಲಿನಲ್ಲಿ ಅದೇ ಜಾಗ ಸಮತಟ್ಟಾಗಿ ತೋರುತ್ತದೆ.

ಮಣ್ಣಿನ ಗುರುತು: ಉಳುಮೆಯಿಂದ ಅವಶೇಷವು ಸಮತಟ್ಟಾದಾಗ ಅದರ ಮಣ್ಣು ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದಲ್ಲಿ ಕಾಣುತ್ತದೆ. ದಕ್ಷಿಣ ಇಂಗ್ಲೆಂಡಿನ ಬಹುಭಾಗದಲ್ಲಿ ತೆಳುವಾದ ಕಂದುಮಣ್ಣಿನ ಕೆಳಗೆ ಸೀಮೆಸುಣ್ಣದಂತಹ ಮೃದುವಾದ ಬಿಳಿಕಲ್ಲಿದೆ. ಅದನ್ನು ಅಗೆದು ಕಟ್ಟಿದ ದಿಣ್ಣೆಯನ್ನು ನೇಗಿಲು ಹರಡಿದಾಗ ಬಿಳಿಯ ಪಟ್ಟೆ ಉಳಿಯುತ್ತದೆ.

ಬೆಳೆಯ ಗುರುತು: ನೆಲದ ಮೇಲೆ ಏನೂ ಉಳಿಯದಿದ್ದರೂ ಪೈರು ಅವಶೇಷವನ್ನು ತೋರಿಸಬಲ್ಲದು. ಪ್ರಾಚೀನ ಕಂದಕವೊಂದು ಕಾಲಕ್ರಮೇಣ ಮೇಲ್ಮಣ್ಣಿನಿಂದ ತುಂಬಿಕೊಂಡರೆ, ಅಲ್ಲಿ ಮಣ್ಣಿನ ಆಳ ಹೆಚ್ಚು ಹಾಗೂ ತೇವಾಂಶ ಹೆಚ್ಚು ಕಾಲ ನಿಲ್ಲುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ, ದಟ್ಟ ಹಸಿರಾಗಿ ಬೆಳೆದು ತಡವಾಗಿ ಮಾಗುತ್ತದೆ. ಹೂತ ಗೋಡೆ ಅಥವಾ ಕಲ್ಲುಹಾಸಿನ ದಾರಿಯ ಮೇಲಾದರೆ ಮಣ್ಣು ತೆಳುವಾಗಿದ್ದು, ಪೈರು ಕುಳ್ಳಾಗಿ ಬೇಗನೆ ಹಳದಿಯಾಗುತ್ತದೆ. ಗೋಧಿ, ಬಾರ್ಲಿಯಂತಹ ಧಾನ್ಯದ ಬೆಳೆಗಳಲ್ಲಿ, ಅದರಲ್ಲೂ ಮಳೆ ಕಡಿಮೆಯಾದ ಬೇಸಿಗೆಯಲ್ಲಿ, ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹುಲ್ಲುಗಾವಲಿನಲ್ಲಿ ಅದು ಅಷ್ಟಾಗಿ ಕಾಣದು.

ಹೊಲದ ನಡುವೆ ನಿಂತವರಿಗೆ ಇವು ಕಾಣದಿರುವುದೇಕೆಂದು ವಿವರಿಸಲು ಕ್ರಾಫರ್ಡ್ ಬೆಕ್ಕಿನ ಹೋಲಿಕೆಯನ್ನು ಬಳಸಿದರು. ಚಿತ್ತಾರದ ಜಮಖಾನೆಯ ಮೇಲೆ ನಡೆಯುವ ಬೆಕ್ಕಿಗೆ ಬಣ್ಣಗಳ ಗೊಂದಲವಷ್ಟೇ ಕಾಣುತ್ತದೆ. ಎತ್ತರದಿಂದ ನೋಡುವ ಮನುಷ್ಯನಿಗೆ ಅದರ ಚಿತ್ತಾರ ಗೋಚರಿಸುತ್ತದೆ ಎಂಬುದು ಅದರ ತಾತ್ಪರ್ಯ.

ಹೊಲದ ಕೆಳಗಿನ ಹೊಲಗಳು

1923ರ ಉಪನ್ಯಾಸದ ಮುಖ್ಯ ವಿಷಯ ಪ್ರಾಚೀನ ಕೃಷಿಯೇ ಆಗಿತ್ತು. ಇಳಿಜಾರಿನಲ್ಲಿ ಬಹುಕಾಲ ಉಳುಮೆ ಮಾಡಿದಾಗ ಮಣ್ಣು ಕೆಳಕ್ಕೆ ಸರಿದು ಹೊಲದ ಕೆಳಅಂಚಿನಲ್ಲಿ ದಿಣ್ಣೆಯಾಗಿ ನಿಲ್ಲುತ್ತದೆ. ಇಂತಹ ದಿಣ್ಣೆಗಳಿಂದ ಸುತ್ತುವರಿದ ಚಿಕ್ಕ ಚೌಕ ಹೊಲಗಳನ್ನು ಕ್ರಾಫರ್ಡ್ 'ಕೆಲ್ಟಿಕ್ ಹೊಲಗಳು' ಎಂದು ಕರೆದರು. ಕಣಿವೆಗಳಲ್ಲಿ ಕಂಡುಬರುವ ಉದ್ದನೆಯ ಪಟ್ಟಿ ಹೊಲಗಳು ನಂತರ ಬಂದ ಸ್ಯಾಕ್ಸನ್ ಜನರವು ಎಂದು ಪ್ರತ್ಯೇಕಿಸಿದರು. ಮುಂದಿನ ಸಂಶೋಧನೆಗಳಿಂದ ಚೌಕ ಹೊಲಗಳಲ್ಲಿ ಹಲವು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಕಂಚಿನ ಯುಗಕ್ಕೆ ಸೇರಿದವೆಂದು ತಿಳಿದುಬಂದು, ಅವುಗಳ ಕಾಲ ಇನ್ನಷ್ಟು ಹಿಂದಕ್ಕೆ ಹೋಗಿದೆ. ಅರಸರ ಸಮಾಧಿ ಮತ್ತು ಕೋಟೆಗಳಿಗೆ ಸೀಮಿತವಾಗಿದ್ದ ಗಮನವನ್ನು ಸಾಮಾನ್ಯ ರೈತರು ಉತ್ತ ನೆಲದ ಕಡೆಗೆ ತಿರುಗಿಸಿದ್ದು ಈ ಅಧ್ಯಯನದ ಮಹತ್ವ.

ಸ್ಟೋನ್‌ಹೆಂಜ್‌ನ ಹಾದಿ

ಸ್ಟೋನ್‌ಹೆಂಜ್‌ನಿಂದ ಈಶಾನ್ಯಕ್ಕೆ ಹೊರಡುವ, ಎರಡೂ ಬದಿಯಲ್ಲಿ ಕಂದಕಗಳಿರುವ ಹಾದಿಯೊಂದನ್ನು ವಿಲಿಯಂ ಸ್ಟ್ಯೂಕ್ಲಿ 18ನೇ ಶತಮಾನದಲ್ಲಿ ದಾಖಲಿಸಿದ್ದರು. ಅನಂತರದ ಉಳುಮೆಯಿಂದ ಅದರ ಬಹುಭಾಗ ನೆಲಸಮವಾಗಿ, ಮುಂದೆ ಅದು ಎಲ್ಲಿಗೆ ಸಾಗುತ್ತದೆಂಬುದು ಕಣ್ಣಿಗೆ ಕಾಣದಂತಾಗಿತ್ತು. 1921ರಲ್ಲಿ ವಾಯುಪಡೆಯು ತೆಗೆದಿದ್ದ ಛಾಯಾಚಿತ್ರಗಳನ್ನು ಪರಿಶೀಲಿಸುತ್ತಿದ್ದಾಗ, ಹೊಲಗಳ ಮೂಲಕ ಸಾಗುವ ಎರಡು ಸಮಾನಾಂತರ ಗೆರೆಗಳನ್ನು ಕ್ರಾಫರ್ಡ್ ಗಮನಿಸಿದರು. ಆ ಹಾದಿ ಪೂರ್ವಕ್ಕೆ ತಿರುಗಿ ಏವನ್ ನದಿಯ ಕಡೆಗೆ ಸಾಗುತ್ತಿತ್ತು. 1923ರ ಸೆಪ್ಟೆಂಬರ್‌ನಲ್ಲಿ ಎ.ಡಿ. ಪಾಸ್ಮೋರ್ ಅವರೊಂದಿಗೆ ಕೆಲವೆಡೆ ಅಗೆದು ನೋಡಿದಾಗ ಕಂದಕಗಳು ನಿರೀಕ್ಷಿಸಿದ ಜಾಗದಲ್ಲಿಯೇ ದೊರೆತವು. ವೈಮಾನಿಕ ಛಾಯಾಚಿತ್ರದ ಓದು ನಂಬಲರ್ಹ ಎಂಬುದನ್ನು ಸ್ಥಳದಲ್ಲಿ ಸಾಬೀತುಪಡಿಸಿದ ಈ ಪ್ರಯೋಗವು ಪತ್ರಿಕೆಗಳಲ್ಲಿಯೂ ಸುದ್ದಿಯಾಯಿತು.

ವೆಸೆಕ್ಸ್ ಸಮೀಕ್ಷೆ

ಮುರಬ್ಬ ತಯಾರಿಕೆಯ ಉದ್ಯಮದಿಂದ ಸಿರಿವಂತರಾಗಿದ್ದ ಕುಟುಂಬದ ಅಲೆಕ್ಸಾಂಡರ್ ಕೀಲರ್ ಈ ಕಾರ್ಯಕ್ಕೆ ಹಣ ಒದಗಿಸಲು ಮುಂದೆ ಬಂದರು. 1924ರ ಬೇಸಿಗೆಯಲ್ಲಿ ಬಾಡಿಗೆಗೆ ಪಡೆದ ಡಿ ಹ್ಯಾವಿಲೆಂಡ್ ವಿಮಾನದಲ್ಲಿ ಕೀಲರ್ ಮತ್ತು ಕ್ರಾಫರ್ಡ್ ಹ್ಯಾಂಪ್‌ಶೈರ್, ವಿಲ್ಟ್‌ಶೈರ್, ಡಾರ್ಸೆಟ್, ಸಾಮರ್ಸೆಟ್ ಮತ್ತು ಬರ್ಕ್‌ಶೈರ್ ಪ್ರಾಂತ್ಯಗಳ ಮೇಲೆ ಹಾರಿ ಛಾಯಾಚಿತ್ರಗಳನ್ನು ತೆಗೆದರು. ಆಯ್ದ ಚಿತ್ರಗಳು, ನಕ್ಷೆಗಳು ಮತ್ತು ವಿವರಣೆಗಳನ್ನೊಳಗೊಂಡ 'ವೆಸೆಕ್ಸ್ ಫ್ರಮ್ ದಿ ಏರ್' 1928ರಲ್ಲಿ ಹೊರಬಂದಿತು. ಈ ಕ್ಷೇತ್ರದ ಮೂಲಗ್ರಂಥಗಳಲ್ಲಿ ಅದೂ ಒಂದು. ಅದೇ ವರ್ಷ ಆರ್ಡ್ನೆನ್ಸ್ ಸರ್ವೆಯ ಪರವಾಗಿ ಮಧ್ಯಪ್ರಾಚ್ಯಕ್ಕೆ ತೆರಳಿ, ಬಾಗ್ದಾದ್, ಅಮ್ಮಾನ್ ಮತ್ತು ಹೆಲಿಯೊಪೊಲಿಸ್‌ನಲ್ಲಿದ್ದ ಯುದ್ಧಕಾಲದ ವೈಮಾನಿಕ ಛಾಯಾಚಿತ್ರಗಳನ್ನು ಸಂಗ್ರಹಿಸಿದರು.

ವುಡ್‌ಹೆಂಜ್ ಮತ್ತು ಆರ್ಮಿಂಗ್‌ಹಾಲ್

ಕ್ರಾಫರ್ಡ್ ತೋರಿದ ದಾರಿಯನ್ನು ಇತರರೂ ಹಿಡಿದರು. 1925ರ ಡಿಸೆಂಬರ್‌ನಲ್ಲಿ ವಾಯುಪಡೆಯ ಗಿಲ್ಬರ್ಟ್ ಇನ್ಸಾಲ್ ಸ್ಟೋನ್‌ಹೆಂಜ್‌ನಿಂದ ಸುಮಾರು 3 ಕಿಲೋಮೀಟರ್ ದೂರದ ಉಳುಮೆ ಹೊಲವೊಂದರಲ್ಲಿ ವೃತ್ತಾಕಾರದ ಗುರುತನ್ನು ಕಂಡರು. ಮರುವರ್ಷದ ಜುಲೈನಲ್ಲಿ ಗೋಧಿಯ ಪೈರು ಬೆಳೆದಾಗ ವೃತ್ತದೊಳಗೆ ಕಪ್ಪು ಚುಕ್ಕೆಗಳ ಸಾಲುಗಳು ಸ್ಪಷ್ಟವಾದವು. ಮಾಡ್ ಕನಿಂಗ್ಟನ್ ಮತ್ತು ಅವರ ಪತಿ 1926ರಿಂದ ಅಲ್ಲಿ ಉತ್ಖನನ ನಡೆಸಿದಾಗ, ಮರದ ಕಂಬಗಳನ್ನು ನೆಟ್ಟಿದ್ದ ಗುಳಿಗಳ ಆರು ವೃತ್ತಗಳು ಬೆಳಕಿಗೆ ಬಂದವು. ಮರದಿಂದ ನಿರ್ಮಿಸಿದ್ದ ಈ ನವಶಿಲಾಯುಗದ ನೆಲೆಗೆ ವುಡ್‌ಹೆಂಜ್ ಎಂಬ ಹೆಸರು ಬಂದಿತು. ಕಲ್ಲಿನ ಸ್ಮಾರಕಗಳು ಕಣ್ಣಿಗೆ ಕಾಣುವಂತೆ ಉಳಿದರೂ, ಮರದವು ಕೊಳೆತು ಮಣ್ಣಾಗುತ್ತವೆ. ಅಂಥವುಗಳ ಕುರುಹು ಉಳಿಯುವುದು ಕಂಬದ ಗುಳಿಯಲ್ಲಿ ತುಂಬಿಕೊಂಡ ಮಣ್ಣಿನಲ್ಲಿ ಮಾತ್ರ. ಇನ್ಸಾಲ್ ಅವರೇ 1929ರಲ್ಲಿ ನಾರ್ವಿಚ್ ಸಮೀಪದ ಆರ್ಮಿಂಗ್‌ಹಾಲ್‌ನಲ್ಲಿ ಇಂತಹ ಇನ್ನೊಂದು ನೆಲೆಯನ್ನು ಗುರುತಿಸಿದರು. 1935ರಲ್ಲಿ ಗ್ರಹಾಂ ಕ್ಲಾರ್ಕ್ ಅಲ್ಲಿ ಉತ್ಖನನ ನಡೆಸಿದರು.

ಕ್ರಾಫರ್ಡ್ ಅವರ ಬರಹದಿಂದ ಪ್ರೇರಿತರಾದ ಮೇಜರ್ ಜಿ.ಡಬ್ಲ್ಯು.ಜಿ. ಅಲೆನ್ ಸ್ವಂತ ವಿಮಾನದಲ್ಲಿ ಹಾರಿ, ಆಕ್ಸ್‌ಫರ್ಡ್ ಸುತ್ತಲಿನ ಥೇಮ್ಸ್ ನದಿಯ ಮೆಕ್ಕಲು ಬಯಲಿನಲ್ಲಿ ಹಲವಾರು ನೆಲೆಗಳನ್ನು ಪತ್ತೆಹಚ್ಚಿದರು.

ಸಂರಕ್ಷಣಾ ಪ್ರಯತ್ನಗಳು

ನೇಗಿಲು ಪುರಾತನ ಅವಶೇಷಗಳನ್ನು ಬೆಳಕಿಗೆ ತರುವಂತೆಯೇ ಅವುಗಳನ್ನು ನಾಶಪಡಿಸುತ್ತದೆ. ಬಿಳಿಕಲ್ಲಿನ ದಿಣ್ಣೆಯು ಹೊಲದಲ್ಲಿ ಬಿಳಿಯ ಪಟ್ಟೆಯಾಗಿ ಕಾಣುವುದೆಂದರೆ ಅದು ಕರಗುತ್ತಿದೆಯೆಂದೇ ಅರ್ಥ. ಪ್ರತಿ ವರ್ಷದ ಉಳುಮೆಯಿಂದ ಅದು ಮತ್ತಷ್ಟು ಮಸುಕಾಗಿ ಕೊನೆಗೆ ಇಲ್ಲವಾಗುತ್ತದೆ. ಆದ್ದರಿಂದ ನೆಲೆಗಳನ್ನು ಆದಷ್ಟು ಬೇಗ ನಕ್ಷೆಯಲ್ಲಿ ದಾಖಲಿಸುವುದು ಕ್ರಾಫರ್ಡ್ ಅವರಿಗೆ ಕಚೇರಿಯ ಕೆಲಸಕ್ಕಿಂತ ಮಿಗಿಲಾದ ಹೊಣೆಯಾಗಿತ್ತು.

ಏವ್‌ಬರಿ ಸಮೀಪದ ವಿಂಡ್‌ಮಿಲ್ ಹಿಲ್ ಎಂಬ ನವಶಿಲಾಯುಗದ ನೆಲೆಯಲ್ಲಿ ರೇಡಿಯೊ ಕೇಂದ್ರ ಸ್ಥಾಪಿಸುವ ಯೋಜನೆಯನ್ನು ಕ್ರಾಫರ್ಡ್ ಮತ್ತು ಕೀಲರ್ ವಿರೋಧಿಸಿದರು. ಮುಂದೆ ಕೀಲರ್ ಆ ಜಾಗವನ್ನು ಖರೀದಿಸಿ ಉತ್ಖನನ ನಡೆಸಿದರು. 1927ರಲ್ಲಿ ಸ್ಟೋನ್‌ಹೆಂಜ್ ಸುತ್ತಲಿನ ಜಮೀನನ್ನು ಕೊಂಡು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಒಪ್ಪಿಸಲು ನಡೆದ ನಿಧಿಸಂಗ್ರಹದಲ್ಲಿಯೂ ಇಬ್ಬರೂ ಪಾಲ್ಗೊಂಡಿದ್ದರು.

ಆಂಟಿಕ್ವಿಟಿ ಪತ್ರಿಕೆ

1927ರ ಮಾರ್ಚ್‌ನಲ್ಲಿ ಆಂಟಿಕ್ವಿಟಿಯ ಮೊದಲ ಸಂಚಿಕೆ ಪ್ರಕಟವಾಯಿತು. ಯಾವುದೇ ವಿದ್ವತ್ ಸಂಸ್ಥೆಯ ಆಶ್ರಯವಿಲ್ಲದೆ, ಚಂದಾದಾರರ ಬೆಂಬಲದಿಂದಲೇ ನಡೆದ ಪತ್ರಿಕೆ ಇದು. ವಿದ್ವಾಂಸರ ಸಂಶೋಧನೆಗಳು ಸಾಮಾನ್ಯ ಓದುಗರಿಗೂ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬುದು ಸಂಪಾದಕರ ನಿಲುವು. ಬ್ರಿಟನ್ನಿಗೆ ಸೀಮಿತವಾಗದೆ ಜಗತ್ತಿನ ಎಲ್ಲ ಭಾಗಗಳ ಪುರಾತತ್ತ್ವಕ್ಕೂ ಅದರಲ್ಲಿ ಅವಕಾಶವಿತ್ತು. ವೈಮಾನಿಕ ಛಾಯಾಚಿತ್ರಗಳನ್ನು ಉತ್ತಮ ಗುಣಮಟ್ಟದಲ್ಲಿ ಮುದ್ರಿಸಿದ್ದು ಅದರ ಇನ್ನೊಂದು ವೈಶಿಷ್ಟ್ಯ. ಗಾರ್ಡನ್ ಚೈಲ್ಡ್, ಕ್ರಿಸ್ಟೋಫರ್ ಹಾಕ್ಸ್, ಸ್ಟುವರ್ಟ್ ಪಿಗಾಟ್ ಹಾಗೂ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಮೊದಲಾದವರು ಅದರ ಲೇಖಕರಾಗಿದ್ದರು.

ಫ್ರಾನ್ಸಿನ ಗ್ಲೋಜೆಲ್ ಎಂಬ ಹಳ್ಳಿಯ ಹೊಲದಲ್ಲಿ 1924ರಿಂದ ದೊರೆಯುತ್ತಿದ್ದ ಬರಹವುಳ್ಳ ಮಣ್ಣಿನ ಫಲಕಗಳು ನವಶಿಲಾಯುಗದವೆಂಬ ವಾದ ಆಗ ಯೂರೋಪಿನಲ್ಲಿ ಭಾರಿ ಚರ್ಚೆಗೆ ಕಾರಣವಾಗಿತ್ತು. ಕ್ರಾಫರ್ಡ್ ಸ್ಥಳಕ್ಕೆ ಭೇಟಿ ನೀಡಿ, ಅವು ನಕಲಿ ಎಂಬ ತಮ್ಮ ಅಭಿಪ್ರಾಯವನ್ನು ಮೊದಲ ವರ್ಷದ ಸಂಚಿಕೆಯಲ್ಲೇ ಪ್ರಕಟಿಸಿದರು. ಹೊಲದಿಂದ ಬಂದುದೆಲ್ಲವೂ ಪ್ರಾಚೀನವಲ್ಲ ಎಂಬ ಎಚ್ಚರವನ್ನು ಪತ್ರಿಕೆ ಆರಂಭದಿಂದಲೇ ಪಾಲಿಸಿತು.

ರಾಜಕೀಯ ಚಿಂತನೆ

ಕ್ರಾಫರ್ಡ್ ನಿರೀಶ್ವರವಾದಿಯಾಗಿದ್ದರು. 1930ರ ದಶಕದಲ್ಲಿ ಮಾರ್ಕ್ಸ್‌ವಾದದ ಕಡೆಗೆ ಒಲವು ತೋರಿ, 1932ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಪ್ರವಾಸ ಹೋಗಿ ಬಂದರು. ಆದರೆ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಲಿಲ್ಲ. ಸಮಕಾಲೀನ ಬ್ರಿಟನ್ನಿನ ಜೀವನವನ್ನು ಕಟುವಾಗಿ ಟೀಕಿಸುವ 'ಬ್ಲಡಿ ಓಲ್ಡ್ ಬ್ರಿಟನ್' ಎಂಬ ಹಸ್ತಪ್ರತಿಯನ್ನು ಈ ದಶಕದ ಕೊನೆಯಲ್ಲಿ ಸಿದ್ಧಪಡಿಸಿದರಾದರೂ ಅದು ಪ್ರಕಟವಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ವ್ಯವಸ್ಥೆಯ ಬಗ್ಗೆ ಭ್ರಮನಿರಸನಗೊಂಡು ಅದರ ಟೀಕಾಕಾರರಾದರು.

ಎರಡನೇ ಮಹಾಯುದ್ಧ

ಯುದ್ಧ ಸಮೀಪಿಸುತ್ತಿದ್ದಂತೆ ಸೌತಾಂಪ್ಟನ್ ಬಂದರು ನಗರವು ಬಾಂಬ್ ದಾಳಿಗೆ ಗುರಿಯಾಗಬಹುದೆಂದು ಕ್ರಾಫರ್ಡ್ ಊಹಿಸಿದರು. ಕಚೇರಿಯ ದಾಖಲೆಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವಂತೆ ಮೇಲಧಿಕಾರಿಗಳನ್ನು ಒತ್ತಾಯಿಸಿದರೂ ಅದಕ್ಕೆ ಬೆಲೆ ಸಿಗಲಿಲ್ಲ. ಆಗ ತಾವೇ ಪುರಾತತ್ತ್ವ ವಿಭಾಗದ ಹಲವು ದಾಖಲೆಗಳನ್ನು ಹತ್ತಿರದ ನರ್ಸ್ಲಿಂಗ್ ಹಳ್ಳಿಯ ತಮ್ಮ ಮನೆಯ ಗ್ಯಾರೇಜಿಗೆ ಸಾಗಿಸಿದರು. 1940ರ ನವೆಂಬರ್‌ನಲ್ಲಿ ಜರ್ಮನ್ ವಿಮಾನಗಳ ದಾಳಿಯಿಂದ ಕಚೇರಿ ಸುಟ್ಟುಹೋಗಿ, ಅಲ್ಲಿದ್ದ ಪುಸ್ತಕ, ನಕ್ಷೆ ಮತ್ತು ಕಡತಗಳ ಬಹುಭಾಗ ನಾಶವಾಯಿತು. ಮನೆಗೆ ಸಾಗಿಸಿದ್ದಷ್ಟು ಮಾತ್ರ ಉಳಿಯಿತು.

ಅನಂತರ ರಾಷ್ಟ್ರೀಯ ಕಟ್ಟಡ ದಾಖಲಾತಿ ಯೋಜನೆಗೆ ನಿಯೋಜಿತರಾಗಿ, ದಾಳಿಯಲ್ಲಿ ಕಣ್ಮರೆಯಾಗಬಹುದಾಗಿದ್ದ ಸೌತಾಂಪ್ಟನ್ನಿನ ಹಳೆಯ ಕಟ್ಟಡಗಳ ಸಾವಿರಾರು ಛಾಯಾಚಿತ್ರಗಳನ್ನು ತೆಗೆದರು.

ಕೊನೆಯ ವರ್ಷಗಳು ಮತ್ತು ನಿಧನ

1946ರಲ್ಲಿ ಕ್ರಾಫರ್ಡ್ ಆರ್ಡ್ನೆನ್ಸ್ ಸರ್ವೆಯಿಂದ ನಿವೃತ್ತರಾದರು. ಆ ಸ್ಥಾನಕ್ಕೆ ಸಿ.ಡಬ್ಲ್ಯು. ಫಿಲಿಪ್ಸ್ ಬಂದರು. ನಿವೃತ್ತಿಯ ನಂತರ ಸುಡಾನ್‌ಗೆ ಮತ್ತೆ ತೆರಳಿ ಅಲ್ಲಿನ ಮಧ್ಯಯುಗೀನ ಇತಿಹಾಸದ ಮೇಲೆ ಗ್ರಂಥಗಳನ್ನು ರಚಿಸಿದರು. 1953ರಲ್ಲಿ ಪ್ರಕಟವಾದ 'ಆರ್ಕಿಯಾಲಜಿ ಇನ್ ದಿ ಫೀಲ್ಡ್' ಇವರ ಕ್ಷೇತ್ರಾನುಭವದ ಸಾರಸಂಗ್ರಹ.

ಕ್ರಾಫರ್ಡ್ ಅವಿವಾಹಿತರಾಗಿದ್ದರು. ಏಕಾಂತಪ್ರಿಯರೂ ಶೀಘ್ರಕೋಪಿಯೂ ಆಗಿದ್ದರೆಂದು, ಕಿರಿಯ ಸಂಶೋಧಕರಿಗೆ ಮಾತ್ರ ಉದಾರವಾಗಿ ನೆರವಾಗುತ್ತಿದ್ದರೆಂದು ಅವರನ್ನು ಬಲ್ಲವರು ದಾಖಲಿಸಿದ್ದಾರೆ. ಬೆಕ್ಕುಗಳೆಂದರೆ ಇವರಿಗೆ ಬಹಳ ಪ್ರೀತಿ. ಬೆಕ್ಕುಗಳ ಭಾಷೆಯ ಕುರಿತು ಬಿಬಿಸಿ ರೇಡಿಯೊದಲ್ಲಿ ಭಾಷಣವನ್ನೂ ಮಾಡಿದ್ದರು.

1957ರ ನವೆಂಬರ್ 28ರ ರಾತ್ರಿ ನರ್ಸ್ಲಿಂಗ್‌ನ ತಮ್ಮ ಮನೆಯಲ್ಲಿ ನಿದ್ರೆಯಲ್ಲಿಯೇ ನಿಧನರಾದರು. ಅದೇ ಹಳ್ಳಿಯ ಚರ್ಚಿನ ಆವರಣದಲ್ಲಿ ಇವರ ಸಮಾಧಿಯಿದೆ. ಆಂಟಿಕ್ವಿಟಿಯ ಸಂಪಾದಕ ಎಂಬ ಗುರುತನ್ನು ಇವರ ಇಚ್ಛೆಯಂತೆ ಸಮಾಧಿಶಿಲೆಯ ಮೇಲೆ ಕೆತ್ತಲಾಗಿದೆ. ಪತ್ರಿಕೆಯ ಸಂಪಾದಕತ್ವವನ್ನು ಗ್ಲಿನ್ ಡೇನಿಯಲ್ ವಹಿಸಿಕೊಂಡರು. ಪತ್ರಿಕೆ ಈಗಲೂ ಪ್ರಕಟವಾಗುತ್ತಿದೆ.

ಪ್ರಭಾವ

ಎರಡನೇ ಮಹಾಯುದ್ಧದ ನಂತರ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೆ.ಕೆ. ಸೇಂಟ್ ಜೋಸೆಫ್ಮೊದಲಾದವರು ವೈಮಾನಿಕ ಸಮೀಕ್ಷೆಯನ್ನು ಮುಂದುವರಿಸಿದರು. ಟ್ರಾಕ್ಟರಿನ ಆಳವಾದ ಉಳುಮೆ ವ್ಯಾಪಕವಾದ ಈ ಅವಧಿಯಲ್ಲಿ, ನೆಲದ ಮೇಲೆ ಉಳಿದಿದ್ದ ಎಷ್ಟೋ ದಿಬ್ಬಗಳು ನಾಶವಾದವು. ಅಂತಹ ಹಲವು ನೆಲೆಗಳ ರೂಪ ತಿಳಿಯಲು ಈಗ ಹಳೆಯ ಛಾಯಾಚಿತ್ರಗಳೇ ಮುಖ್ಯ ಆಧಾರ. ಗಟ್ಟಿ ಹಾಗೂ ಒಣ ನೆಲದ ಬೆಟ್ಟಪ್ರದೇಶಗಳಲ್ಲಿ ಮಾತ್ರ ಪ್ರಾಚೀನ ಜನವಸತಿ ದಟ್ಟವಾಗಿತ್ತೆಂಬ ಹಿಂದಿನ ಊಹೆಯೂ ಬದಲಾಯಿತು. ನದೀಬಯಲಿನ ಫಲವತ್ತಾದ ಹೊಲಗಳ ಅಡಿಯಲ್ಲಿಯೂ ಅಷ್ಟೇ ದಟ್ಟವಾದ ನೆಲೆಗಳಿರುವುದು ಪೈರಿನ ಗುರುತುಗಳಿಂದ ತಿಳಿದುಬಂದಿತು.

ಇಂದು ಉಪಗ್ರಹ ಚಿತ್ರ, ಲೇಸರ್ ಸಮೀಕ್ಷೆ ಮತ್ತು ಡ್ರೋನ್‌ಗಳು ಈ ಕೆಲಸಕ್ಕೆ ಬಳಕೆಯಾಗುತ್ತಿದ್ದರೂ, ಗುರುತುಗಳನ್ನು ಓದುವ ತತ್ತ್ವ ಕ್ರಾಫರ್ಡ್ ವಿವರಿಸಿದ್ದೇ ಆಗಿದೆ. 2018ರ ಬೇಸಿಗೆಯ ತೀವ್ರ ಬರಗಾಲದಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಸಮೀಪದ ಹೊಲವೊಂದರಲ್ಲಿ ಡ್ರೋನ್ ಮೂಲಕ ಪತ್ತೆಯಾದ ಪ್ರಾಗೈತಿಹಾಸಿಕ ವೃತ್ತಾಕಾರದ ನೆಲೆಯು ಪೈರಿನ ಬಣ್ಣದ ವ್ಯತ್ಯಾಸದಿಂದಲೇ ಗೋಚರಿಸಿತು.

ಗೌರವಗಳು

ಪ್ರೀಹಿಸ್ಟಾರಿಕ್ ಸೊಸೈಟಿಯ ಅಧ್ಯಕ್ಷತೆ – 1938
ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ವಿಕ್ಟೋರಿಯಾ ಪದಕ – 1940
ಬ್ರಿಟಿಷ್ ಅಕಾಡೆಮಿಯ ಫೆಲೋ – 1947
ಬ್ರಿಟಿಷ್ ಸರಕಾರದ ಸಿ.ಬಿ.ಇ. ಗೌರವ – 1950
ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ – 1952

ಪ್ರಮುಖ ಕೃತಿಗಳು

ಮ್ಯಾನ್ ಅಂಡ್ ಹಿಸ್ ಪಾಸ್ಟ್ (1921)
ಏರ್ ಸರ್ವೆ ಅಂಡ್ ಆರ್ಕಿಯಾಲಜಿ (1924)
ದಿ ಲಾಂಗ್ ಬ್ಯಾರೋಸ್ ಆಫ್ ದಿ ಕಾಟ್ಸ್‌ವೋಲ್ಡ್ಸ್ (1925)
ವೆಸೆಕ್ಸ್ ಫ್ರಮ್ ದಿ ಏರ್, ಅಲೆಕ್ಸಾಂಡರ್ ಕೀಲರ್ ಅವರೊಂದಿಗೆ (1928)
ಏರ್ ಫೋಟೋಗ್ರಫಿ ಫಾರ್ ಆರ್ಕಿಯಾಲಜಿಸ್ಟ್ಸ್ (1929)
ಟೊಪಾಗ್ರಫಿ ಆಫ್ ರೋಮನ್ ಸ್ಕಾಟ್ಲೆಂಡ್ (1949)
ದಿ ಫುಂಗ್ ಕಿಂಗ್‌ಡಮ್ ಆಫ್ ಸೆನ್ನಾರ್ (1951)
ಆರ್ಕಿಯಾಲಜಿ ಇನ್ ದಿ ಫೀಲ್ಡ್ (1953)
ಸೆಡ್ ಅಂಡ್ ಡನ್, ಆತ್ಮಕಥೆ (1955)
ದಿ ಐ ಗಾಡೆಸ್ (1957)